ಲೂಕ್ ಆ ಕತ್ತಿಯನ್ನು ಯಾಕೆ ಎಸೆದ?

2015ರ ಡಿಸೆಂಬರ್‌ನಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾ ಒಂದು ದ್ವೀಪದ ಗುಡ್ಡದ ಮೇಲೆ ಮುಗಿಯುತ್ತದೆ. ರೇ ಎಂಬ ಹುಡುಗಿ ಕಡಿದಾದ ಕಲ್ಲು ಮೆಟ್ಟಿಲು ಹತ್ತಿ ಬಂದಿದ್ದಾಳೆ. ಎದುರಿಗೆ ನಿಂತಿರುವವನು ನರೆತ ಗಡ್ಡದ ಲೂಕ್ ಸ್ಕೈವಾಕರ್. ಅವಳು ಅವನ ಹಳೆಯ ಲೈಟ್‌ಸೇಬರನ್ನು, ಅಂದರೆ ಬೆಳಕಿನ ಕತ್ತಿಯನ್ನು, ಅವನತ್ತ ಚಾಚುತ್ತಾಳೆ. ಅವನು ನೋಡುತ್ತಾನೆ. ಮಾತಿಲ್ಲ. ಸಂಗೀತ ಏರುತ್ತದೆ, ಪರದೆ ಕಪ್ಪಾಗುತ್ತದೆ.

ಮುಂದೇನಾಯಿತು ಅಂತ ತಿಳಿಯಲು ಅಭಿಮಾನಿಗಳು ಎರಡು ವರ್ಷ ಕಾದರು. 2017ರ ಡಿಸೆಂಬರ್ 15ರಂದು ಅಮೆರಿಕದಲ್ಲಿ 'ದಿ ಲಾಸ್ಟ್ ಜೆಡೈ' ತೆರೆಗೆ ಬಂತು. ಲೂಕ್ ಕತ್ತಿಯನ್ನು ಕೈಗೆ ತೆಗೆದುಕೊಂಡ. ಒಮ್ಮೆ ನೋಡಿದ. ಆಮೇಲೆ ಅದನ್ನು ಭುಜದ ಮೇಲಿಂದ ಹಿಂದಕ್ಕೆ ಎಸೆದು, ಹುಡುಗಿಯನ್ನು ಅಲ್ಲೇ ಬಿಟ್ಟು ನಡೆದುಬಿಟ್ಟ.

ಕೆಲವರು ನಕ್ಕರು. ಕೆಲವರಿಗೆ ಎದೆಗೆ ಒದ್ದ ಹಾಗಾಯಿತು. ಆ ಒಂದು ಕ್ಷಣದ ಬಗ್ಗೆ ಶುರುವಾದ ವಾದ ವರ್ಷಗಳು ಕಳೆದರೂ ನಿಂತಿಲ್ಲ. ಹೊರಗಿನಿಂದ ನೋಡುವವರಿಗೆ ಇದು ವಿಚಿತ್ರ ಅನಿಸಬಹುದು. ಒಂದು ಸಿನಿಮಾ, ಒಂದು ಆಟಿಕೆಯಂಥ ಕತ್ತಿ, ಇದಕ್ಕೆ ಯಾಕೆ ಇಷ್ಟು ನೋವು, ಇಷ್ಟು ಕೋಪ? ನನಗೆ ಈ ಸರಣಿಯ ಮೇಲೂ ಪ್ರೀತಿ ಇದೆ, ಅದಕ್ಕಾಗಿ ಹೊಡೆದಾಡುವ ಜನರ ಮೇಲೂ ಪ್ರೀತಿ ಇದೆ. ಹಾಗಾಗಿ ಈ ಜಗಳ ಎಲ್ಲಿಂದ ಬಂತು ಅಂತ ನಿಧಾನವಾಗಿ ಬಿಡಿಸಿ ಹೇಳುತ್ತೇನೆ.

ಮೊದಲು ಕಥೆಯ ಲೆಕ್ಕ. ಜಾರ್ಜ್ ಲೂಕಸ್ ಮಾಡಿದ ಮೊದಲ ಸಿನಿಮಾ 1977ರ ಮೇ ತಿಂಗಳಲ್ಲಿ ಬಂತು. ಮರಳುಗಾಡಿನ ಹಳ್ಳಿ ಹುಡುಗ ಲೂಕ್, ಸಾಮ್ರಾಜ್ಯದ ವಿರುದ್ಧ ಹೋರಾಡುವವರ ಜೊತೆ ಸೇರುತ್ತಾನೆ. ಜೆಡೈ ಎಂಬ ಹಳೆಯ ಯೋಧ ಪಂಗಡದ ವಿದ್ಯೆ ಕಲಿಯುತ್ತಾನೆ. 1980ರಲ್ಲಿ ಎರಡನೆಯದು, 1983ರಲ್ಲಿ ಮೂರನೆಯದು. ಆಮೇಲೆ ಲೂಕಸ್ ಹಿಂದಕ್ಕೆ ಹೋಗಿ ಲೂಕನ ಅಪ್ಪನ ಕಥೆಯನ್ನು 1999, 2002, 2005ರಲ್ಲಿ ಮೂರು ಸಿನಿಮಾಗಳಲ್ಲಿ ಹೇಳಿದರು. ಅದಕ್ಕೇ ಮೊದಲು ಬಂದ ಸಿನಿಮಾ ಲೆಕ್ಕದಲ್ಲಿ ನಾಲ್ಕನೇ ಭಾಗ. 2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಲೂಕಸ್‌ಫಿಲ್ಮ್ ಕಂಪನಿಯನ್ನು ಕೊಂಡಿತು. ಏಳು, ಎಂಟು, ಒಂಬತ್ತನೇ ಭಾಗಗಳು 2015, 2017, 2019ರಲ್ಲಿ ಬಂದವು. ನಮ್ಮ ಜಗಳ ಎಂಟನೇ ಭಾಗದ್ದು.

ಆದರೆ ಜಗಳದ ಬೇರು ಇರುವುದು ಸಿನಿಮಾಗಳ ನಡುವಿನ ಖಾಲಿ ಜಾಗದಲ್ಲಿ ಅಂತ ನನಗೆ ಅನಿಸುತ್ತದೆ.

1977ರ ಕ್ರಿಸ್‌ಮಸ್ ಹೊತ್ತಿಗೆ ಸಿನಿಮಾ ಅಮೆರಿಕದಲ್ಲಿ ಹುಚ್ಚು ಹಿಡಿಸಿತ್ತು. ಮಕ್ಕಳಿಗೆ ಲೂಕನ ಬೊಂಬೆ ಬೇಕು. ಕೆನ್ನರ್ ಎಂಬ ಆಟಿಕೆ ಕಂಪನಿಯ ಹತ್ತಿರ ಬೊಂಬೆಗಳು ಇನ್ನೂ ತಯಾರಾಗಿರಲಿಲ್ಲ. ಅವರು ರಟ್ಟಿನ ಲಕೋಟೆಯೊಂದನ್ನು ಮಾರಿದರು. ಒಳಗೆ ಬೊಂಬೆ ಇಲ್ಲ, ಮುಂದಿನ ವರ್ಷ ಕಳಿಸುತ್ತೇವೆ ಎನ್ನುವ ಚೀಟಿ ಇತ್ತು. ಜನ ಅದನ್ನೂ ಕೊಂಡರು. ಮುಂದೆ ಬೊಂಬೆಗಳು ಬಂದವು, ನಾಲ್ಕು ಇಂಚೂ ಇಲ್ಲದ ಪುಟ್ಟ ಪ್ಲಾಸ್ಟಿಕ್ ಬೊಂಬೆಗಳು. ಮಕ್ಕಳು ಮನೆಯ ನೆಲದ ಮೇಲೆ ಕೂತು ಸಿನಿಮಾ ಬಿಟ್ಟಲ್ಲಿಂದ ಕಥೆ ಮುಂದುವರಿಸಿದರು. ಲೂಕ್ ಮುಂದೆ ಏನು ಮಾಡಿದ, ಎಲ್ಲಿ ಹೋದ, ಯಾರನ್ನು ಸೋಲಿಸಿದ, ಎಲ್ಲ ಅವರೇ ಕಟ್ಟಿದರು. ಸಿನಿಮಾ ಎರಡು ಗಂಟೆ. ಆಟ ಹತ್ತು ವರ್ಷ.

1983ರ ನಂತರ ಲೂಕ್ ತೆರೆಯ ಮೇಲಿಂದ ಮಾಯವಾದ. ಅವನ ಮುಂದಿನ ಕಥೆಯನ್ನು ಕಾದಂಬರಿಗಳು ಹೇಳಿದವು. 1991ರಲ್ಲಿ ಟಿಮತಿ ಜಾನ್ ಬರೆದ ಕಾದಂಬರಿಯಿಂದ ಅದು ಜೋರು ಹಿಡಿಯಿತು. ಆ ಪುಸ್ತಕಗಳಲ್ಲಿ ಲೂಕ್ ಜೆಡೈಗಳ ಶಾಲೆ ಕಟ್ಟಿದ. ಮಾರಾ ಜೇಡ್ ಎಂಬವಳನ್ನು ಮದುವೆಯಾದ, ಮಗನೂ ಹುಟ್ಟಿದ. ನೂರಾರು ಪುಸ್ತಕ, ಕಾಮಿಕ್ಸ್, ವಿಡಿಯೊ ಗೇಮ್‌ಗಳಲ್ಲಿ ಈ ಲೂಕ್ ಬೆಳೆದ. ಓದಿದವರ ಪಾಲಿಗೆ ಅವನೇ ನಿಜವಾದ ಲೂಕ್.

2014ರ ಏಪ್ರಿಲ್‌ನಲ್ಲಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಇಲ್ಲಿಯವರೆಗಿನ ಆ ಕಾದಂಬರಿಗಳು ಇನ್ನು ಮುಂದೆ 'ಲೆಜೆಂಡ್ಸ್', ಅಂದರೆ ದಂತಕಥೆಗಳು. ಹೊಸ ಸಿನಿಮಾಗಳು ಅವುಗಳಿಗೆ ಬದ್ಧವಾಗಿರಬೇಕಿಲ್ಲ. ಹೊಸ ಸಿನಿಮಾ ಮಾಡುವವರ ಕೈ ಕಟ್ಟಬಾರದು ಅನ್ನುವ ದೃಷ್ಟಿಯಿಂದ ಅದು ಸರಿಯೇ. ಆದರೆ ಇಪ್ಪತ್ತಮೂರು ವರ್ಷ ಜೊತೆಗಿದ್ದ ಲೂಕನ ಸಂಸಾರ ಒಂದು ಪ್ರಕಟಣೆಯಲ್ಲಿ ಇಲ್ಲದಂತಾಯಿತು.

ಇಲ್ಲಿ 'ಕ್ಯಾನನ್' ಅನ್ನುವ ಪದ ಅರ್ಥವಾಗಬೇಕು. ಅಭಿಮಾನಿಗಳ ಪ್ರತಿ ವಾದದಲ್ಲೂ ಅದು ಬರುತ್ತದೆ. ಕಥಾಲೋಕದಲ್ಲಿ ಯಾವುದು ನಿಜವಾಗಿ ನಡೆದದ್ದು, ಯಾವುದು ಅಲ್ಲ ಎಂಬ ಅಧಿಕೃತ ಲೆಕ್ಕಕ್ಕೆ ಕ್ಯಾನನ್ ಅನ್ನುತ್ತಾರೆ. ನಮಗೆ ಇದು ಸ್ವಲ್ಪ ಹೊಸದು. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಕುಮಾರವ್ಯಾಸ ಐವರ ಹೆಂಡತಿ ಅಂತಲೇ ಹೇಳಿದ. ರನ್ನನ ದುರ್ಯೋಧನನನ್ನು ಓದಿದರೆ ಅವನ ಮೇಲೇ ಮರುಕ ಹುಟ್ಟುತ್ತದೆ. ಇದರಲ್ಲಿ ಯಾವುದು ಅಧಿಕೃತ ಅಂತ ಹೇಳುವ ಕಚೇರಿ ಇಲ್ಲ, ಎಲ್ಲವನ್ನೂ ನಾವು ಇಟ್ಟುಕೊಂಡಿದ್ದೇವೆ. ಸ್ಟಾರ್ ವಾರ್ಸ್‌ಗೆ ಮಾಲೀಕರಿದ್ದಾರೆ. ಲೂಕನ ಒಂದೇ ಒಂದು ಮುಪ್ಪು ಅಧಿಕೃತವಾಗುತ್ತದೆ. ಅದು ನಿಮ್ಮ ಮನಸ್ಸಿನಲ್ಲಿದ್ದ ಮುಪ್ಪು ಅಲ್ಲದಿದ್ದರೆ, ನಿಮ್ಮದು ಸುಳ್ಳಾಯಿತು. ಆ ಒಂದು ಕ್ಷಣಕ್ಕೆ ಅಷ್ಟು ನೋವು ಯಾಕೆ ಅನ್ನುವುದು ಇಲ್ಲಿ ಸ್ವಲ್ಪ ತಿಳಿಯುತ್ತದೆ, ಅಲ್ವಾ?

ಏಳನೇ ಭಾಗ ಮಾಡಿದ ಜೆ.ಜೆ. ಏಬ್ರಮ್ಸ್ ಒಗಟುಗಳನ್ನು ಇಡುವುದರಲ್ಲಿ ಗಟ್ಟಿಗರು. ರೇಯ ಅಪ್ಪ ಅಮ್ಮ ಯಾರು? ಸ್ನೋಕ್ ಎಂಬ ಹೊಸ ಖಳ ಎಲ್ಲಿಂದ ಬಂದ? ಲೂಕ್ ಯಾಕೆ ಅವಿತುಕೊಂಡ? ಉತ್ತರ ಕೊಡದೆ ಸಿನಿಮಾ ಮುಗಿಸಿದರು. ಎರಡು ವರ್ಷ ಜನ ಊಹೆ ಮಾಡಿದರು. ರೇ ಲೂಕನ ಮಗಳು ಅಂತ ಕೆಲವರು, ಲೂಕನ ಗುರು ಒಬಿ-ವಾನ್‌ನ ಮೊಮ್ಮಗಳು ಅಂತ ಕೆಲವರು. ಮತ್ತೆ ಅದೇ ನೆಲದ ಮೇಲಿನ ಆಟ, ಈ ಸಲ ದೊಡ್ಡವರದು.

ಎಂಟನೇ ಭಾಗ ಬರೆದು ನಿರ್ದೇಶಿಸಿದವರು ರಯನ್ ಜಾನ್ಸನ್. ಅವರು ಒಗಟುಗಳಿಗೆ ಉತ್ತರ ಕೊಟ್ಟರು. ರೇಯ ಅಪ್ಪ ಅಮ್ಮ ಯಾರೂ ಅಲ್ಲ, ಕುಡಿಯುವ ದುಡ್ಡಿಗಾಗಿ ಮಗಳನ್ನು ಮಾರಿದವರು. ಸ್ನೋಕ್ ಎಲ್ಲಿಂದ ಬಂದ ಅಂತ ಹೇಳುವ ಮೊದಲೇ ಸತ್ತ. ಕೆಲವರಿಗೆ ಇದು ಬಿಡುಗಡೆ ಅನಿಸಿತು. ದೊಡ್ಡ ಮನೆತನದ ರಕ್ತ ಇಲ್ಲದ ಹುಡುಗಿಯೂ ಈ ಕಥೆಯ ನಾಯಕಿ ಆಗಬಹುದು ಅಂತ. ಇನ್ನು ಕೆಲವರಿಗೆ, ಎರಡು ವರ್ಷ ತಾವು ಅಷ್ಟು ಅಕ್ಕರೆಯಿಂದ ಕಾದದ್ದನ್ನು ಯಾರೋ ಕಸದ ಬುಟ್ಟಿಗೆ ಹಾಕಿದಂತೆ ಅನಿಸಿತು. ಎರಡೂ ಪ್ರಾಮಾಣಿಕ ಭಾವನೆಗಳೇ.

ಈಗ ಲೂಕನ ವಿಷಯಕ್ಕೆ ಬರೋಣ, ಯಾಕಂದರೆ ಜಗಳದ ಜೀವ ಇರುವುದು ಇಲ್ಲೇ. ಲೂಕ್ ತನ್ನ ತಂಗಿ ಲೇಯಾಳ ಮಗ ಬೆನ್‌ಗೆ ವಿದ್ಯೆ ಕಲಿಸುತ್ತಿದ್ದ. ಒಂದು ರಾತ್ರಿ ಹುಡುಗನ ಮನಸ್ಸಿನಲ್ಲಿ ಕತ್ತಲೆ ಬೆಳೆಯುತ್ತಿರುವುದನ್ನು ಕಂಡ. ಮಲಗಿದ್ದ ಹುಡುಗನ ಮೇಲೆ ಕತ್ತಿ ಎತ್ತಿದ. ಮರುಕ್ಷಣ ನಾಚಿಕೆಯಿಂದ ಕುಗ್ಗಿದ. ಆದರೆ ಹುಡುಗ ಕಣ್ಣು ಬಿಟ್ಟಿದ್ದ. ಅಂದಿನಿಂದ ಬೆನ್ ಕೈಲೋ ರೆನ್ ಎಂಬ ಖಳನಾದ, ಲೂಕ್ ಎಲ್ಲ ಬಿಟ್ಟು ದ್ವೀಪ ಸೇರಿದ. ಈ ರಾತ್ರಿಯನ್ನು ಸಿನಿಮಾ ಮೂರು ಸಲ ಮೂರು ರೀತಿಯಲ್ಲಿ ತೋರಿಸುತ್ತದೆ. ಲೂಕ್ ಮೊದಲು ಮುಚ್ಚಿಟ್ಟು ಹೇಳಿದ್ದು, ಕೈಲೋ ಹೇಳಿದ್ದು, ಕೊನೆಗೆ ಲೂಕ್ ಒಪ್ಪಿಕೊಂಡದ್ದು.

ಒಪ್ಪದವರ ವಾದ ಗಟ್ಟಿಯಾದದ್ದು, ಅದನ್ನು ಸರಿಯಾಗಿ ಕೇಳಬೇಕು. ಲೂಕನ ಅಪ್ಪ ಡಾರ್ತ್ ವೇಡರ್, ಇಡೀ ನಕ್ಷತ್ರಲೋಕವನ್ನು ನಡುಗಿಸಿದ ಕೊಲೆಗಾರ. ಅವನಲ್ಲೂ ಒಳ್ಳೆಯತನ ಉಳಿದಿದೆ ಅಂತ ಎಲ್ಲರೂ ಕೈಬಿಟ್ಟ ಮೇಲೂ ನಂಬಿದವನು ಲೂಕ್ ಒಬ್ಬನೇ. ಅಂಥವನು ಇನ್ನೂ ಏನೂ ತಪ್ಪು ಮಾಡದ ಸ್ವಂತ ತಂಗಿಯ ಮಗನ ಮೇಲೆ ಕತ್ತಿ ಎತ್ತುತ್ತಾನಾ? ಎತ್ತಿದ ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ತಂಗಿಯನ್ನು ಯುದ್ಧದ ನಡುವೆ ಬಿಟ್ಟು ಓಡಿಹೋಗುತ್ತಾನಾ? ಲೂಕನ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರಿಗೇ ಇದು ಮೊದಲು ಒಪ್ಪಿಗೆಯಾಗಿರಲಿಲ್ಲ. ಅದನ್ನು ಅವರು ಬಹಿರಂಗವಾಗಿ ಹೇಳಿದರು. ಹಾಗೆ ಎಲ್ಲರ ಮುಂದೆ ಹೇಳಬಾರದಿತ್ತು ಅಂತ ಆಮೇಲೆ ಬೇಸರವನ್ನೂ ಪಟ್ಟರು.

ನಾನು ಇನ್ನೊಂದು ಕಡೆಯವನು. ನನ್ನ ಕಾರಣ 1983ರ ಸಿನಿಮಾದಲ್ಲೇ ಇದೆ. ಅಲ್ಲಿ ವೇಡರ್ ಲೇಯಾಳ ಹೆಸರೆತ್ತಿ ಹೆದರಿಸಿದಾಗ ಲೂಕ್ ಕೋಪದಲ್ಲಿ ಕುರುಡಾಗುತ್ತಾನೆ. ಅಪ್ಪನನ್ನು ಬಡಿದು ಬಡಿದು ಕೈಯನ್ನೇ ಕತ್ತರಿಸುತ್ತಾನೆ. ಕೊಲ್ಲಲು ಒಂದು ಏಟು ಬಾಕಿ ಇದ್ದಾಗ ತನ್ನ ಯಂತ್ರದ ಕೈ ನೋಡಿಕೊಂಡು ನಿಲ್ಲುತ್ತಾನೆ. ಆಗ ಅವನು ಮಾಡುವುದೇನು? ಕತ್ತಿಯನ್ನು ಎಸೆಯುತ್ತಾನೆ. ಹೌದು, ಲೂಕ್ ಕತ್ತಿ ಎಸೆದದ್ದು 2017ರಲ್ಲಿ ಮೊದಲಲ್ಲ. ಪ್ರೀತಿಸುವವರಿಗೆ ಅಪಾಯ ಕಂಡರೆ ಕೈ ಮೊದಲು ಏಳುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಲೂಕ್ ಯಾವತ್ತೂ ಹಾಗೆಯೇ ಇದ್ದ. ಅಪ್ಪನ ಎದುರು ಬುದ್ಧಿ ಸಮಯಕ್ಕೆ ಸರಿಯಾಗಿ ಬಂತು. ಬೆನ್‌ನ ಹಾಸಿಗೆಯ ಪಕ್ಕ ಒಂದು ಕ್ಷಣ ತಡವಾಯಿತು.

ರೇ ತಂದುಕೊಟ್ಟ ಆ ಹಳೆಯ ಕತ್ತಿಯ ಚರಿತ್ರೆಯನ್ನೂ ನೋಡಿ. ಅದು ಅವನ ಅಪ್ಪನದು. 2005ರ ಸಿನಿಮಾದಲ್ಲಿ ಜೆಡೈ ಮಂದಿರದ ಪುಟ್ಟ ಮಕ್ಕಳ ಮುಂದೆ ಅಪ್ಪ ಹಚ್ಚಿದ್ದು ಆ ಕತ್ತಿಯನ್ನೇ. 1980ರ ಸಿನಿಮಾದಲ್ಲಿ ವೇಡರ್ ಲೂಕನ ಕೈ ಕಡಿದಾಗ ಆ ಕೈಯ ಜೊತೆಗೇ ಬಿದ್ದುಹೋದದ್ದೂ ಅದೇ. ಅದಾದ ತಕ್ಷಣ ಕೇಳಿದ ಮಾತು, ನಾನೇ ನಿನ್ನ ಅಪ್ಪ. ಅಂಥ ಕತ್ತಿಯನ್ನು ಅಪರಿಚಿತ ಹುಡುಗಿಯೊಬ್ಬಳು ತಂದು ಕೈಗೆ ಕೊಟ್ಟರೆ, ಸೋತು ಕೂತವನು ಅದನ್ನು ಎದೆಗೆ ಅಪ್ಪಿಕೊಳ್ಳಬೇಕಿತ್ತಾ? ಸೋತ ಗುರುಗಳು ಅಡಗಿ ಕೂರುವುದೂ ಈ ಸರಣಿಯಲ್ಲಿ ಹೊಸದಲ್ಲ. ಒಬಿ-ವಾನ್ ಮರಳುಗಾಡಿನಲ್ಲಿ ಅಡಗಿದ್ದ, ಯೋಡ ಜೌಗಿನಲ್ಲಿ.

ಆದರೆ ಒಂದು ಮಾತು ಒಪ್ಪುತ್ತೇನೆ. ಎಸೆದ ರೀತಿ ನಗುವಿಗಾಗಿ ಮಾಡಿದಂತಿತ್ತು. ನೋವಿನ ಜಾಗದಲ್ಲಿ ನಗು ಇಟ್ಟದ್ದು ಜಾಸ್ತಿ ಜನರನ್ನು ನೋಯಿಸಿತು. ಸುಮ್ನೆ ಕೆಳಗೆ ಬೀಳಿಸಿ ಹೋಗಿದ್ದರೆ ಅರ್ಧ ಜಗಳ ಇರುತ್ತಿರಲಿಲ್ಲವೇನೋ.

(ಆ ದ್ವೀಪದ ದೃಶ್ಯಗಳನ್ನು ತೆಗೆದದ್ದು ಐರ್ಲೆಂಡಿನ ಸ್ಕೆಲಿಗ್ ಮೈಕಲ್ ದ್ವೀಪದಲ್ಲಿ. ಅಲ್ಲಿ ನಿಜವಾಗಿಯೂ ಹಳೆಯ ಕ್ರೈಸ್ತ ಸನ್ಯಾಸಿಗಳ ಕಲ್ಲು ಗುಡಿಸಲುಗಳಿವೆ. ಪಫಿನ್ ಎಂಬ ಹಕ್ಕಿಗಳು ರಾಶಿ ರಾಶಿ ಇದ್ದವು, ಓಡಿಸುವಂತಿರಲಿಲ್ಲ. ಅವುಗಳ ಜಾಗದಲ್ಲಿ ಪೋರ್ಗ್ ಎಂಬ ದುಂಡು ಕಣ್ಣಿನ ಹೊಸ ಹಕ್ಕಿಯನ್ನೇ ಸೃಷ್ಟಿಸಿದರು. ಜಗಳಕ್ಕೆ ಇದು ಬೇಕಿಲ್ಲ, ನನಗೆ ಇಷ್ಟ ಅಂತ ಹೇಳಿದೆ.)

ಇನ್ನೊಂದು ದೊಡ್ಡ ವಾದ ನಿಯಮಗಳದ್ದು. ಸಿನಿಮಾದಲ್ಲಿ ಹೋಲ್ಡೋ ಎಂಬ ಸೇನಾಧಿಕಾರಿ, ತನ್ನವರನ್ನು ಉಳಿಸಲು ಬೆಳಕನ್ನು ಮೀರುವ ವೇಗದಲ್ಲಿ ತನ್ನ ಹಡಗನ್ನು ಶತ್ರು ಹಡಗಿಗೆ ನುಗ್ಗಿಸುತ್ತಾಳೆ. ಕೆಲವು ಸೆಕೆಂಡು ಪೂರ್ತಿ ಮೌನ. ಸಂಗೀತ ಇಲ್ಲ, ಸದ್ದಿಲ್ಲ. ಅಮೆರಿಕದ ಒಂದು ಥಿಯೇಟರಿನಲ್ಲಿ, ಇದು ಬೇಕೆಂದೇ ಮಾಡಿದ ಮೌನ, ನಮ್ಮ ಉಪಕರಣ ಕೆಟ್ಟಿಲ್ಲ ಎಂಬ ಅರ್ಥದ ಸೂಚನೆಯನ್ನೇ ಅಂಟಿಸಿದ್ದರು. ನೋಡಲು ಅದ್ಭುತ. ಆದರೆ ಅಭಿಮಾನಿಗಳು ಕೇಳಿದರು: ಒಂದು ಹಡಗಿನಿಂದ ಹೀಗೆ ಮಾಡಬಹುದಾದರೆ, 1977ರಲ್ಲಿ ಸಾಮ್ರಾಜ್ಯದ ದೈತ್ಯ ಆಯುಧ ಡೆತ್ ಸ್ಟಾರ್ ಒಡೆಯಲು ಅಷ್ಟು ಜನ ಯಾಕೆ ಪ್ರಾಣ ಕೊಟ್ಟರು?

ಇದನ್ನು ತಲೆಹರಟೆ ಅಂತ ತಳ್ಳಿಹಾಕುವವರಿದ್ದಾರೆ. ನಾನು ತಳ್ಳಿಹಾಕಲಾರೆ. ಕಲ್ಪನೆಯ ಲೋಕದಲ್ಲಿ ಅಪಾಯ ನಿಜ ಅನಿಸುವುದು ನಿಯಮಗಳಿಂದ. ಏನು ಸಾಧ್ಯ, ಏನು ಅಸಾಧ್ಯ ಅಂತ ಗೊತ್ತಿದ್ದರೆ ಮಾತ್ರ ಯಾರಾದರೂ ಸಿಕ್ಕಿಬಿದ್ದಾಗ ಎದೆ ಹೊಡೆದುಕೊಳ್ಳುತ್ತದೆ. ಒಂದು ಸಿನಿಮಾ ನಿಯಮ ಸಡಿಲಿಸಿದರೆ ಹಿಂದಿನವುಗಳ ಭಯವೂ ಸ್ವಲ್ಪ ಸಡಿಲವಾಗುತ್ತದೆ. ಒಂಬತ್ತನೇ ಭಾಗದಲ್ಲಿ ಒಂದು ಪಾತ್ರದ ಬಾಯಲ್ಲಿ, ಅದು ಹತ್ತು ಲಕ್ಷದಲ್ಲಿ ಒಂದು ಸಲ ಆಗುವಂಥದ್ದು ಅಂತ ಹೇಳಿಸಿದರು. ವಾದ ಅವರಿಗೂ ತಟ್ಟಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ.

ಜೂಜಿನ ನಗರದ ಭಾಗ ಉದ್ದವಾಯಿತು ಅನ್ನುವ ದೂರು ಸರಿ. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಹಾಗಾದರೆ ಎಷ್ಟು ಜನಕ್ಕೆ ಇಷ್ಟವಾಯಿತು, ಎಷ್ಟು ಜನಕ್ಕೆ ಆಗಲಿಲ್ಲ? ಎರಡು ಕಡೆಯವರೂ ಅಂಕಿ ಹಿಡಿದು ಬರುತ್ತಾರೆ. ರಾಟನ್ ಟೊಮೇಟೋಸ್ ಎಂಬ ಸಿನಿಮಾ ವಿಮರ್ಶೆಗಳ ಜಾಲತಾಣದಲ್ಲಿ ವಿಮರ್ಶಕರ ಮೆಚ್ಚುಗೆ ನೂರಕ್ಕೆ 90 ದಾಟಿತ್ತು. ಅಲ್ಲೇ ಪ್ರೇಕ್ಷಕರ ಅಂಕ 40ರ ಆಸುಪಾಸು. ಆದರೆ ಸಿನಿಮಾಸ್ಕೋರ್ ಎಂಬ ಸಂಸ್ಥೆ ಮೊದಲ ದಿನ ಸಿನಿಮಾ ನೋಡಿದ ಪ್ರೇಕ್ಷಕರನ್ನು ಥಿಯೇಟರಿನಲ್ಲೇ ಕೇಳಿದಾಗ ಸಿಕ್ಕಿದ್ದು 'ಎ' ದರ್ಜೆ. ಇಷ್ಟು ವ್ಯತ್ಯಾಸ ಹೇಗೆ? ಸಿನಿಮಾಸ್ಕೋರ್ ಕೇಳುವುದು ಟಿಕೆಟ್ ಕೊಂಡು ನೋಡಿದವರನ್ನು, ಅದೂ ನೋಡಿದ ಬಿಸಿಯಲ್ಲಿ. ಜಾಲತಾಣದಲ್ಲಿ ಆಗ ಟಿಕೆಟ್ ಕೊಂಡ ಪುರಾವೆ ಇಲ್ಲದೆಯೇ ಯಾರು ಬೇಕಾದರೂ ಅಂಕ ಹಾಕಬಹುದಿತ್ತು. ಕೋಪ ಬಂದವರು ಹುಡುಕಿಕೊಂಡು ಹೋಗಿ ಅಂಕ ಹಾಕುತ್ತಾರೆ. ಸುಮಾರಾಗಿ ಇಷ್ಟವಾದವರು ಊಟ ಮಾಡಿ ಮಲಗುತ್ತಾರೆ. 2019ರಲ್ಲಿ ಆ ತಾಣ ಟಿಕೆಟ್ ಕೊಂಡವರ ಅಂಕವನ್ನೇ ಬೇರೆಯಾಗಿ ತೋರಿಸಲು ಶುರು ಮಾಡಿತು. ಹಾಗಾಗಿ ಆ 40 ಹಿಡಿದು ಅರ್ಧಕ್ಕಿಂತ ಹೆಚ್ಚು ಜನ ದ್ವೇಷಿಸಿದರು ಅನ್ನಲು ಬರುವುದಿಲ್ಲ. ಒಂದು 'ಎ' ಹಿಡಿದು ಎಲ್ಲರೂ ಮೆಚ್ಚಿದರು ಅನ್ನಲೂ ಬರುವುದಿಲ್ಲ. ಮೊದಲ ದಿನದ ಖುಷಿ ತಿಂಗಳ ನಂತರ ಕರಗಿದವರೂ ಇದ್ದಾರೆ.

ದುಡ್ಡಿನ ಲೆಕ್ಕವೂ ಹಾಗೆಯೇ. ಲೋಕದಾದ್ಯಂತ ಸುಮಾರು 133 ಕೋಟಿ ಡಾಲರ್ ಗಳಿಕೆ. ದೊಡ್ಡ ಗೆಲುವು ಅಂತ ಒಬ್ಬರು. ಹಿಂದಿನ ಭಾಗ 200 ಕೋಟಿ ದಾಟಿತ್ತು, ಎಷ್ಟು ಬಿತ್ತು ನೋಡಿ ಅಂತ ಇನ್ನೊಬ್ಬರು. 2015ರದ್ದು ಹತ್ತು ವರ್ಷದ ಕಾಯುವಿಕೆಯ ನಂತರ ಬಂದದ್ದು, ಅಂಥ ಹಸಿವು ಎರಡನೇ ಸಲ ಇರುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿಯವರೆಗೆ ಹೇಳಿದ್ದು ವಾದ. ಇದರ ಪಕ್ಕದಲ್ಲೇ ವಾದವಲ್ಲದ ಇನ್ನೊಂದು ನಡೆಯಿತು. ಎಂಟನೇ ಭಾಗದಲ್ಲಿ ರೋಸ್ ಎಂಬ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರಾನ್ ವಿಯೆಟ್ನಾಂ ಮೂಲದ ಅಮೆರಿಕನ್ ನಟಿ. ಅವರ ಬಣ್ಣ, ಮೈಕಟ್ಟು, ಮೂಲ ಎಲ್ಲವನ್ನೂ ಹೀಯಾಳಿಸಿ ಜನ ಸಾಮಾಜಿಕ ಜಾಲತಾಣದಲ್ಲಿ ಬೆನ್ನು ಹತ್ತಿದರು. 2018ರ ಜೂನ್‌ನಲ್ಲಿ ಅವರು ಇನ್‌ಸ್ಟಾಗ್ರಾಮ್‌ನಲ್ಲಿದ್ದ ತಮ್ಮ ಚಿತ್ರಗಳನ್ನೆಲ್ಲ ಅಳಿಸಿದರು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದು, ತಾವು ಹಿಂದೆ ಸರಿಯುವುದಿಲ್ಲ ಅಂತ ತಿಳಿಸಿದರು. ಇದು ಮೊದಲ ಸಲವೂ ಅಲ್ಲ. 1999ರ ಸಿನಿಮಾದಲ್ಲಿ ಜಾರ್ ಜಾರ್ ಬಿಂಕ್ಸ್ ಆಗಿದ್ದ ಅಹ್ಮದ್ ಬೆಸ್ಟ್, ಆ ನಿಂದೆಯಿಂದ ಸಾಯುವ ಯೋಚನೆಯವರೆಗೆ ಹೋಗಿದ್ದೆ ಅಂತ ಸುಮಾರು ಇಪ್ಪತ್ತು ವರ್ಷದ ಮೇಲೆ ಹೇಳಿಕೊಂಡರು. ರೋಸ್ ಪಾತ್ರ ಚೆನ್ನಾಗಿ ಬರೆದಿಲ್ಲ ಅನ್ನುವುದು ವಿಮರ್ಶೆ. ನಟಿಯ ಮನೆ ಬಾಗಿಲು ಬಡಿದಂತೆ ಅವರ ಪುಟಕ್ಕೆ ಹೋಗಿ ಬೈಯುವುದು ಕ್ರೌರ್ಯ. ಸಿನಿಮಾ ಇಷ್ಟವಾಗದ ಬಹುಪಾಲು ಜನ ಇದರಲ್ಲಿ ಇರಲಿಲ್ಲ, ಅವರನ್ನೂ ಇದೇ ಗುಂಪಿಗೆ ಸೇರಿಸಿದ್ದು ಅವರಿಗೆ ಆದ ಅನ್ಯಾಯ.

ಹಳೆಯ ಅಭಿಮಾನಿಗಳು ಇಂಥದೇ ಒಂದು ಜಗಳವನ್ನು ನೆನಪಿಸುತ್ತಾರೆ. 1980ರ 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಇಂದು ಸರಣಿಯಲ್ಲೇ ಶ್ರೇಷ್ಠ ಅನ್ನಿಸಿಕೊಂಡಿದೆ. ಬಂದಾಗ ವಿಮರ್ಶೆಗಳು ಮಿಶ್ರವಾಗಿದ್ದವು. ಕಥೆ ಮಧ್ಯದಲ್ಲೇ ನಿಂತಿತು ಅಂತ ಅಸಮಾಧಾನ. ವೇಡರ್ ಲೂಕನ ಅಪ್ಪ ಅನ್ನುವುದನ್ನು ಅನೇಕರು ನಂಬಲಿಲ್ಲ, ಸುಳ್ಳು ಹೇಳುತ್ತಿದ್ದಾನೆ ಅಂದರು. ವೇಡರ್‌ಗೆ ದನಿ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ಅವರಿಗೇ ಸಾಲು ಓದಿದಾಗ, ಇವನು ಸುಳ್ಳು ಹೇಳುತ್ತಿದ್ದಾನೆ ಅನಿಸಿತಂತೆ! ಮೂರು ವರ್ಷದ ನಂತರ ಯೋಡನ ಬಾಯಲ್ಲಿ ಖಚಿತವಾಯಿತು. 1999ರ ಸಿನಿಮಾವನ್ನು ಬೈದವರು ದೊಡ್ಡವರು. ಆಗ ಮಕ್ಕಳಾಗಿ ನೋಡಿದವರು ಈಗ ದೊಡ್ಡವರಾಗಿ ಅದನ್ನು ಪ್ರೀತಿಸುತ್ತಾರೆ. ಎಂಟನೇ ಭಾಗಕ್ಕೂ ಹೀಗೆಯೇ ಆಗುತ್ತದೆ ಅಂತ ನಾನು ಭವಿಷ್ಯ ಹೇಳುವುದಿಲ್ಲ. 1980ರ ಸಿನಿಮಾ ಹೇಳಿದ್ದನ್ನು ಮುಂದಿನ ಸಿನಿಮಾ ಎತ್ತಿಹಿಡಿಯಿತು. 2017ರದ್ದು ಹೇಳಿದ್ದನ್ನು ಎತ್ತಿಹಿಡಿಯಲಿಲ್ಲ.

ಒಂಬತ್ತನೇ ಭಾಗವನ್ನು ಬೇರೆ ನಿರ್ದೇಶಕರು ಮಾಡಬೇಕಿತ್ತು. ಅವರು 2017ರಲ್ಲಿ ಹೊರಬಿದ್ದರು, ಏಬ್ರಮ್ಸ್ ಮರಳಿ ಬಂದರು. ಅದಕ್ಕೂ ಮುಂಚೆ, 2016ರ ಡಿಸೆಂಬರ್ 27ರಂದು, ಲೇಯಾ ಪಾತ್ರದ ಕ್ಯಾರಿ ಫಿಶರ್ ತೀರಿಕೊಂಡಿದ್ದರು. ಎಂಟನೇ ಭಾಗದ ಚಿತ್ರೀಕರಣ ಆಗ ಮುಗಿದಿತ್ತು. ಒಂಬತ್ತರಲ್ಲಿ ಅವರನ್ನು ತೋರಿಸಲು ಏಳನೇ ಭಾಗದಲ್ಲಿ ಬಳಸದೆ ಉಳಿದ ತುಣುಕುಗಳನ್ನು ಜೋಡಿಸಿದರು. ಮೂರು ಸಿನಿಮಾಗಳ ಕಥೆಯನ್ನು ಮೊದಲೇ ಕೂತು ಒಟ್ಟಿಗೆ ಬರೆದಿಟ್ಟಿರಲಿಲ್ಲ. ನನ್ನ ಪ್ರಕಾರ ಇಡೀ ಗೊಂದಲಕ್ಕೆ ಯಾವ ಒಬ್ಬ ನಿರ್ದೇಶಕರಿಗಿಂತ ಇದೇ ಹೆಚ್ಚು ಕಾರಣ. 2019ರಲ್ಲಿ ರೇ ಯಾರೂ ಅಲ್ಲದವಳಾಗಿ ಉಳಿಯಲಿಲ್ಲ, ಸತ್ತಿದ್ದ ಚಕ್ರವರ್ತಿ ಪಾಲ್ಪಟೀನ್ ಮರಳಿ ಬಂದ, ಅವಳು ಅವನ ಮೊಮ್ಮಗಳಾದಳು. ರೋಸ್ ತೆರೆಯ ಮೇಲೆ ಒಂದೆರಡು ನಿಮಿಷಕ್ಕೆ ಇಳಿದಳು. ಈಗ ಅಂಕಗಳು ತಿರುಗಿದವು, ವಿಮರ್ಶಕರದು 50ರ ಆಸುಪಾಸು, ಪ್ರೇಕ್ಷಕರದು 80ರ ಮೇಲೆ. ಒಂದು ದೃಶ್ಯದಲ್ಲಿ ರೇ ಅದೇ ದ್ವೀಪಕ್ಕೆ ಬಂದು ಅದೇ ಕತ್ತಿಯನ್ನು ಬೆಂಕಿಗೆ ಎಸೆಯುತ್ತಾಳೆ. ಸತ್ತ ಲೂಕನ ಆತ್ಮ ಬಂದು ಅದನ್ನು ಹಿಡಿಯುತ್ತದೆ. ಜೆಡೈ ಆಯುಧಕ್ಕೆ ಇನ್ನಷ್ಟು ಮರ್ಯಾದೆ ಕೊಡಬೇಕು ಅನ್ನುತ್ತದೆ. ಅಭಿಮಾನಿಗಳ ಜಗಳ ಸಿನಿಮಾದೊಳಗೇ ಹೊಕ್ಕಿತ್ತು.

ಎಂಟನೇ ಭಾಗದ ಕೊನೆಯನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಲೂಕ್ ಶತ್ರು ಸೈನ್ಯದ ಎದುರು ಒಬ್ಬನೇ ಬಂದು ನಿಲ್ಲುತ್ತಾನೆ. ಅವನು ಅಲ್ಲಿಲ್ಲವೇ ಇಲ್ಲ, ದ್ವೀಪದಲ್ಲಿ ಕೂತು ತನ್ನ ರೂಪವನ್ನು ಮಾತ್ರ ಕಳಿಸಿದ್ದಾನೆ. ಯಾರಿಗೂ ಒಂದು ಗಾಯವಿಲ್ಲ. ತನ್ನವರು ತಪ್ಪಿಸಿಕೊಳ್ಳುವಷ್ಟು ಹೊತ್ತು ನಿಂತು, ದ್ವೀಪದಲ್ಲಿ ಮುಳುಗುವ ಎರಡು ಸೂರ್ಯರನ್ನು ನೋಡುತ್ತ ಕರಗಿಹೋಗುತ್ತಾನೆ. ಆಮೇಲೆ ದೂರದ ಇನ್ನೊಂದು ಗ್ರಹ, ಒಂದು ಲಾಯ. ಅಲ್ಲಿ ದುಡಿಯುವ ಮಕ್ಕಳು ನೆಲದ ಮೇಲೆ ಕೂತಿದ್ದಾರೆ. ಒಬ್ಬ ಹುಡುಗ ಕೈಯಲ್ಲೇ ಮಾಡಿದ ಒಂದು ಬೊಂಬೆ ಹಿಡಿದು ಕಥೆ ಹೇಳುತ್ತಿದ್ದಾನೆ. ಅವನ ಭಾಷೆ ನಮಗೆ ತಿಳಿಯುವುದಿಲ್ಲ. ಲೂಕ್ ಸ್ಕೈವಾಕರ್ ಅನ್ನುವ ಹೆಸರು ಮಾತ್ರ ತಿಳಿಯುತ್ತದೆ. ಮಾಲೀಕ ಬಂದು ಗದರುತ್ತಾನೆ, ಮಕ್ಕಳು ಚದುರುತ್ತಾರೆ. ಅವರಲ್ಲೊಬ್ಬ ಹೊರಗೆ ಬಂದು ಕಸ ಗುಡಿಸಲು ಕೈ ಚಾಚುತ್ತಾನೆ. ಪೊರಕೆ ತಾನಾಗಿಯೇ ಸರಿದು ಕೈಗೆ ಬರುತ್ತದೆ. ಅವನು ನಾಲ್ಕು ಸಲ ಗುಡಿಸಿ, ನಿಂತು, ಆಕಾಶ ನೋಡುತ್ತ ಆ ಪೊರಕೆಯನ್ನು ಕತ್ತಿಯಂತೆ ಹಿಡಿಯುತ್ತಾನೆ.